ಮಾವಿನ ಸೊಪ್ಪಿಗೆ 20 ರೂಪಾಯಿ

ಹೋದ ವರ್ಷ ಯುಗಾದಿಯ ಹಿಂದಿನ ದಿನ ತುಮಕೂರಿನ ಸೋಮೇಶ್ವರಪುರಂ ಮೇನ್ ರೋಡಿನಲ್ಲಿ ನಿಂತು ಒಂದು ಕಟ್ಟು ಮಾವಿನ ಸೊಪ್ಪು ಕೊಂಡೆ. 20 ರೂಪಾಯಿ. ಚೌಕಾಸಿ ಮಾಡಲಿಲ್ಲ. ಚೀಲಕ್ಕೆ ತುರುಕಿಕೊಂಡು, ಬೀದಿಯವರು ಯಾರಾದರೂ ನೋಡಿದರಾ ಅಂತ ಒಂದ್ಸಲ ಅತ್ತಿತ್ತ ಕಣ್ಣಾಡಿಸಿ ಸ್ಕೂಟರ್ ಹತ್ತಿದೆ. ಸೊಪ್ಪು ಕೊಳ್ಳೋಕೆ ಯಾಕಪ್ಪ ನಾಚಿಕೆ ಅನ್ನಬಹುದು. ಸುಮಾರು 40 ವರ್ಷದಿಂದ ನಮ್ಮ ಬೀದಿಯ ಅರ್ಧ ಮನೆಗಳ ತೋರಣಕ್ಕೆ ಸೊಪ್ಪು ಹೋಗುತ್ತಿದ್ದದ್ದು ನಮ್ಮ ಕಾಂಪೌಂಡಿನ ಮಾವಿನ ಮರದಿಂದ. ಹಬ್ಬದ ಹಿಂದಿನ ದಿನ ಬೆಳಿಗ್ಗೆಯಿಂದಲೇ ಗೇಟು ಕಿರುಗುಟ್ಟುತ್ತಿತ್ತು. 'ಎರಡು ಕಡ್ಡಿ ಸೊಪ್ಪು ಕಿತ್ಕೋತೀವಿ ಆಂಟಿ' ಅನ್ನುವ ಮಕ್ಕಳು, ಸೊಪ್ಪಿನ ಜೊತೆ ನಾಲ್ಕು ಕಾಯನ್ನೂ ಕೀಳುವ ದೊಡ್ಡವರು. ಅಮ್ಮ ಗದರುವಂತೆ ಮಾಡುತ್ತಿದ್ದರು, ಅಷ್ಟೇ. ಆ ದಿನ ಅವರಿಗೆ ಒಂಥರಾ ಗತ್ತು.

ಹೋದ ವರ್ಷವೂ ಎದುರು ಮನೆ ಹುಡುಗ ಬಂದ. ದೋಟಿ ತಗೊಂಡು ತಾರಸಿಗೆ ಹೋದ. ಐದು ನಿಮಿಷ ಬಿಟ್ಟು ಮೇಲಿಂದಲೇ ಕೂಗಿದ. 'ಅಂಕಲ್, ಇಲ್ಲಿ ಸೊಪ್ಪೇ ಇಲ್ಲ. ಬರೀ ಕಡ್ಡಿ.'

ನಾನು ಹತ್ತಿ ನೋಡಿದೆ. ಹೌದು. ಮರದ ನೆತ್ತಿಯಲ್ಲಿ ಆಕಾಶ ಕಾಣುತ್ತಿತ್ತು. ತುದಿ ಕೊಂಬೆಗಳು ಬೂದು ಬಣ್ಣಕ್ಕೆ ತಿರುಗಿ, ಬೆರಳು ಚಾಚಿದ ಹಾಗೆ ನಿಂತಿದ್ದವು. ನಡುವೆ ಇದ್ದ ಎಲೆಗಳು ಅರ್ಧ ಅಳತೆಗೆ ಇಳಿದಿದ್ದವು. ಪಕ್ಕದ ಒಂದು ಕೊಂಬೆ ಮಾತ್ರ ದಟ್ಟ ಹಸಿರು ಅಂತ ಖುಷಿಪಟ್ಟೆ. ಹತ್ತಿರ ಹೋಗಿ ನೋಡಿದರೆ ಅದು ಮಾವಿನ ಎಲೆಯೇ ಅಲ್ಲ, ಬದನಿಕೆ ಅನ್ನುವ ಪರಾವಲಂಬಿ ಗಿಡ. ದಿನಾ ಅದೇ ಮರದ ನೆರಳಲ್ಲಿ ಸ್ಕೂಟರ್ ನಿಲ್ಲಿಸುತ್ತೇನೆ. ಬೊಡ್ಡೆಗೆ ಕೈ ಊರಿ ಚಪ್ಪಲಿ ಹಾಕಿಕೊಳ್ಳುತ್ತೇನೆ. ತಲೆ ಎತ್ತಿ ನೋಡಿ ಎಷ್ಟು ವರ್ಷ ಆಗಿತ್ತೋ.

ಒಂದು ಅಡಿ ಮಣ್ಣು

ಬೀದಿಯಲ್ಲಿ ಎಲ್ಲರೂ ಒಂದೊಂದು ಕಾರಣ ಕೊಟ್ಟರು. ಬರ ಅಂದರು. ನಿಜ, 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಅಂತ ಘೋಷಣೆಯಾಗಿದ್ದವು, ಅದರ ಮುಂದಿನ ಬೇಸಿಗೆಯಂತೂ ತುಮಕೂರಿನಲ್ಲಿ ಮಧ್ಯಾಹ್ನ ಹೊರಗೆ ಕಾಲಿಡೋಕೆ ಆಗುತ್ತಿರಲಿಲ್ಲ. ವಯಸ್ಸಾಯಿತು ಬಿಡಿ ಅಂದರು. 40 ವರ್ಷ ಮಾವಿಗೆ ಒಂದು ವಯಸ್ಸಾ? ನಮ್ಮ ಜಿಲ್ಲೆಯ ಹಳೇ ತೋಪುಗಳಲ್ಲಿ ತಾತನ ಕಾಲದ ಮರಗಳು ಈಗಲೂ ಕಾಯಿ ಬಿಡುತ್ತಿವೆ. ದೃಷ್ಟಿ ಆಗಿದೆ, ಒಂದು ಹಳೇ ಚಪ್ಪಲಿ ಕಟ್ಟಿ ಅಂತಲೂ ಒಬ್ಬರು ಹೇಳಿದರು. ಅವರು ಪ್ರತಿ ವರ್ಷ ಸೊಪ್ಪಿನ ಜೊತೆ ಕಾಯಿ ಕೀಳುತ್ತಿದ್ದವರೇ.

ಬರ ಅನ್ನೋದನ್ನು ನಾನೂ ಒಪ್ಪಿಕೊಂಡು ಸುಮ್ಮನಾಗುತ್ತಿದ್ದೆನೇನೋ. ಆದರೆ ಹಿಂದಿನ ಬೀದಿಯಲ್ಲಿ ಒಂದು ಖಾಲಿ ಸೈಟಿದೆ. ಅಲ್ಲಿ ಯಾರೂ ನೀರು ಹಾಕದ, ಯಾರೂ ಕೇಳದ ಇನ್ನೊಂದು ನಾಟಿ ಮಾವಿದೆ. ಹೆಚ್ಚು ಕಮ್ಮಿ ನಮ್ಮ ಮರದಷ್ಟೇ ವಯಸ್ಸು. ಅದೇ ಬರ, ಅದೇ ಬಿಸಿಲು. ಅದು ಸೊಂಪಾಗಿ ನಿಂತಿದೆ. ಅದರ ಬುಡದಲ್ಲಿ ಕಸ, ಮುಳ್ಳು, ಒಣಗಿದ ಎಲೆ. ನಮ್ಮದರ ಬುಡದಲ್ಲಿ ಕೆಂಪು ಬೂದು ಇಂಟರ್‌ಲಾಕ್ ಬ್ಲಾಕು, ಬೊಡ್ಡೆಯ ಸುತ್ತ ನೀಟಾಗಿ ಸಿಮೆಂಟ್ ಕಟ್ಟೆ. ಇದು ತಲೆಯಲ್ಲಿ ಕೊರೆಯೋಕೆ ಶುರುವಾಯಿತು.

ಆ ಕೆಲಸ ಮಾಡಿಸಿದ್ದು 2019ರಲ್ಲಿ, ಮಾಡಿಸಿದವನು ನಾನೇ. ನಮ್ಮ ಹಳೇ ಬಡಾವಣೆಗಳಲ್ಲಿ ಮನೆ ಇರುವವರಿಗೆ ಈ ಕಥೆ ಬಿಡಿಸಿ ಹೇಳಬೇಕಿಲ್ಲ. ಡಾಂಬರಿನ ಮೇಲೆ ಡಾಂಬರು, ಅದರ ಮೇಲೆ ಕಾಂಕ್ರೀಟು ಬಿದ್ದು ರಸ್ತೆ ಮೇಲೇರುತ್ತಾ ಹೋಗುತ್ತದೆ. ಮನೆ ಕೆಳಗೆ ಉಳಿಯುತ್ತದೆ. ಮೊದಲು ಗೇಟಿಗೆ ಮೂರು ಮೆಟ್ಟಿಲು ಹತ್ತುತ್ತಿದ್ದವರು ಈಗ ಎರಡು ಮೆಟ್ಟಿಲು ಇಳಿಯುತ್ತೇವೆ. ಜೋರು ಮಳೆ ಬಂದರೆ ಬೀದಿ ನೀರೆಲ್ಲ ಒಳಗೆ, ನೇರ ಕುಡಿಯುವ ನೀರಿನ ಸಂಪಿನೊಳಕ್ಕೆ. ಹಾಗಾಗಿ ಅಂಗಳ ಎತ್ತರಿಸಿದೆವು. ಮೂರು ಟ್ರ್ಯಾಕ್ಟರ್ ಮಣ್ಣು, ಅದರ ಮೇಲೆ ಕ್ರಷರ್ ಪುಡಿ, ಅದನ್ನು ಗುದ್ದಿ ಗಟ್ಟಿ ಮಾಡೋಕೆ ಗಡಗಡ ಅನ್ನುವ ಯಂತ್ರ, ಅದರ ಮೇಲೆ ಬ್ಲಾಕು. ಒಟ್ಟು ಒಂದು ಅಡಿ. ಮರಕ್ಕೆ ತೊಂದರೆ ಆಗಬಾರದು ಅಂತ ಮೇಸ್ತ್ರಿಗೆ ಹೇಳಿ ಕಟ್ಟೆ ಕಟ್ಟಿಸಿದೆ. ಕೂತು ಕಾಫಿ ಕುಡಿಯೋಕೂ ಆಗುತ್ತೆ ಅಂತ. ಮರದ ಬಗ್ಗೆ ನನಗೆಷ್ಟು ಕಾಳಜಿ ಅಂತ ನಾನೇ ಹೆಮ್ಮೆಪಟ್ಟಿದ್ದೆ.

ಮರಕ್ಕೆ ತಾಯಿಬೇರು ಪಾತಾಳಕ್ಕೆ ಇಳಿದಿರುತ್ತೆ, ಅಲ್ಲಿಂದ ನೀರು ಎಳೆದುಕೊಳ್ಳುತ್ತೆ ಅಂತ ನಾನು ಅಂದುಕೊಂಡಿದ್ದೆ. ತಾಯಿಬೇರು ಇರುತ್ತದೆ, ಆದರೆ ನೀರು ಗೊಬ್ಬರ ಹೀರುವ ಕೂದಲಿನಂಥ ಬೇರುಗಳಲ್ಲಿ ಬಹುಪಾಲು ಇರುವುದು ಮೇಲಿನ ಒಂದೂವರೆ ಎರಡು ಅಡಿ ಮಣ್ಣಿನಲ್ಲಿ. ಅವು ಬುಡದಲ್ಲೇ ಗುಂಪಾಗಿಯೂ ಇರುವುದಿಲ್ಲ. ಕೊಂಬೆಗಳ ನೆರಳು ಎಲ್ಲಿಗೆ ಬೀಳುತ್ತದೋ ಅದನ್ನೂ ದಾಟಿ ಹರಡಿರುತ್ತವೆ. ಮುಖ್ಯವಾದ ಮಾತೇನೆಂದರೆ ಬೇರೂ ಉಸಿರಾಡುತ್ತದೆ. ಮಣ್ಣಿನ ಸಂದಿಯಲ್ಲಿರುವ ಗಾಳಿಯೇ ಅದಕ್ಕೆ ಆಧಾರ. ಮೇಲೆ ಒಂದು ಅಡಿ ಮಣ್ಣು ಹೇರಿ, ಯಂತ್ರದಲ್ಲಿ ಗುದ್ದಿ, ಬ್ಲಾಕ್ ಮುಚ್ಚಿದರೆ ಅದು ಸದ್ದಿಲ್ಲದೆ ಉಸಿರು ಕಟ್ಟುತ್ತದೆ.

ಹಾಗಾದರೆ 2019ರಲ್ಲಿ ಮಾಡಿದ್ದಕ್ಕೆ ಮರ 2020ರಲ್ಲೇ ಯಾಕೆ ಒಣಗಲಿಲ್ಲ? ನನ್ನನ್ನು ಜಾಸ್ತಿ ಕಾಡಿದ್ದು ಇದೇ. ದೊಡ್ಡ ಮರದ ಹತ್ತಿರ ಉಳಿತಾಯ ಇರುತ್ತದೆ. ಬೊಡ್ಡೆಯಲ್ಲಿ, ಕೊಂಬೆಯಲ್ಲಿ, ದಪ್ಪ ಬೇರಿನಲ್ಲಿ ಹಿಟ್ಟು ಕೂಡಿಟ್ಟುಕೊಂಡಿರುತ್ತದೆ. ಸಂಬಳ ನಿಂತ ಮನೆಯ ಹಾಗೆ ಎರಡು ಮೂರು ವರ್ಷ ಹೊರಗಿನವರಿಗೆ ಗೊತ್ತಾಗದಂತೆ ನಡೆಸಿಕೊಂಡು ಹೋಗುತ್ತದೆ. ಅದರ ನಡುವೆ ಒಂದು ಬರವೋ ಒಂದು ಹುಳುವೋ ಬಂದರೆ ಆಗ ಕುಸಿಯುತ್ತದೆ. ನಾವು ಹುಳುವನ್ನು ಬೈಯುತ್ತೇವೆ. ಇನ್ನೂ ವಿಚಿತ್ರ ಕೇಳಿ. 2022ರಲ್ಲಿ ನಮ್ಮ ಮರ ಹಿಂದೆಂದೂ ಬಿಡದಷ್ಟು ಕಾಯಿ ಬಿಟ್ಟಿತ್ತು. ಎಲೆ ಕಾಣದಷ್ಟು ಹೂವು. ಅಮ್ಮ ಎರಡು ಜಾಡಿ ಉಪ್ಪಿನಕಾಯಿ ಹಾಕಿ, ನೆಂಟರಿಗೆಲ್ಲ ಹಂಚಿ, 'ಅಂಗಳ ಎತ್ತರ ಮಾಡಿದ್ದು ಮರಕ್ಕೂ ಹಿಡಿಸ್ತು' ಅಂದಿದ್ದರು. ಸಂಕಟದಲ್ಲಿರುವ ಮರ ಎಷ್ಟೋ ಸಲ ಹಾಗೆ ಮೈತುಂಬ ಹೂ ಬಿಡುತ್ತದೆ ಅಂತ ಆಮೇಲೆ ತಿಳಿಯಿತು. ಆ ಉಪ್ಪಿನಕಾಯಿ ಇನ್ನೂ ಕಾಲು ಜಾಡಿ ಇದೆ. ಯಾಕೋ ನನಗೆ ಬಡಿಸಿಕೊಳ್ಳೋಕೆ ಮನಸ್ಸು ಬರುತ್ತಿಲ್ಲ.

ಅಪ್ಪ ಕೊಡಲಿ ಹಿಡಿದ ದಿನ

ಮರ ನೆಟ್ಟಿದ್ದು ಅಂತ ಹೇಳಿದರೆ ಸುಳ್ಳಾಗುತ್ತದೆ. 1983ರಲ್ಲಿ ಮನೆ ಕಟ್ಟುವಾಗ ಗುಬ್ಬಿ ಕಡೆಯ ನಮ್ಮ ಅಜ್ಜಿ ಹಣ್ಣು ತಂದಿದ್ದರು. ತಿಂದು ಎಸೆದ ಓಟೆ ಜಲ್ಲಿ ರಾಶಿಯ ಪಕ್ಕ ಹುಟ್ಟಿತು. ಗಾರೆಯವರು ತುಳಿಯದೆ ಬಿಟ್ಟರು. ನಾಟಿ ಮರ. ಕಾಯಿ ಚಿತ್ರಾನ್ನಕ್ಕೆ, ಉಪ್ಪಿನಕಾಯಿಗೆ ಚೆಂದ. ಹಣ್ಣು ಬರೀ ನಾರು. ಬಾದಾಮಿ, ರಸಪುರಿ ಕಸಿ ಗಿಡ ಹಾಕಬೇಕಿತ್ತು ಅಂತ ಅಪ್ಪ ಪ್ರತಿ ವರ್ಷ ಹೇಳುತ್ತಿದ್ದರು, ಹೇಳುತ್ತಲೇ ಎರಡು ಹಣ್ಣು ಚೀಪುತ್ತಿದ್ದರು.

ಅದು ಎಂಟು ಒಂಬತ್ತು ವರ್ಷವಾದರೂ ಹೂ ಬಿಟ್ಟಿರಲಿಲ್ಲ. ಒಂದು ಭಾನುವಾರ ಅಜ್ಜಿ ಅಪ್ಪನ ಕೈಗೆ ಕೊಡಲಿ ಕೊಟ್ಟರು. ನನಗಾಗ ಹತ್ತು ವರ್ಷ. ಅಪ್ಪ ಪಂಚೆ ಎತ್ತಿ ಕಟ್ಟಿ ಮರದ ಮುಂದೆ ನಿಂತರು. 'ಕಾಯಿ ಬಿಡದ ಮರ ಯಾಕೆ? ಕಡಿದು ಸೌದೆ ಮಾಡ್ತೀನಿ' ಅಂತ ದೊಡ್ಡ ದನಿಯಲ್ಲಿ ಹೇಳಿ ಬೊಡ್ಡೆಗೆ ಒಂದು ಏಟು ಹಾಕಿದರು. ನಾನು ಹೋ ಅಂತ ಅಳೋಕೆ ಶುರು ಮಾಡಿದೆ, ಅದು ಆಟ ಅಂತ ನನಗೆ ಯಾರೂ ಹೇಳಿರಲಿಲ್ಲ. ಅಜ್ಜಿ ಓಡಿ ಬಂದು ಮರಕ್ಕೆ ಅಡ್ಡ ನಿಂತರು. 'ಬ್ಯಾಡ ಕಣಪ್ಪ, ಮುಂದಿನ ವರ್ಷ ಬಿಡ್ತೀನಿ ಅಂತಿದೆ, ಇದೊಂದು ಸಲ ಬಿಟ್ಬಿಡು.' ಅಪ್ಪ ಗಂಭೀರವಾಗಿ ಯೋಚಿಸಿದವರಂತೆ ಮಾಡಿ 'ಸರಿ, ಒಂದು ವರ್ಷ ನೋಡ್ತೀನಿ' ಅಂತ ಕೊಡಲಿ ಇಳಿಸಿದರು. ಅಜ್ಜಿ ಮರಕ್ಕೆ ಅರಿಶಿನ ಕುಂಕುಮ ಹಚ್ಚಿದರು. ಆಮೇಲೆ ಎಲ್ಲರೂ ಒಳಗೆ ಹೋಗಿ ಉಪ್ಪಿಟ್ಟು ತಿಂದೆವು.

ಮುಂದಿನ ವರ್ಷ ಹೂ ಬಿಟ್ಟಿತು. ಓಟೆಯಿಂದ ಹುಟ್ಟಿದ ಮಾವಿಗೆ ಹೇಗೂ ಅಷ್ಟು ವರ್ಷ ಬೇಕು, ಹಾಗಾಗಿ ಬೆದರಿಕೆಯ ಪ್ರಭಾವ ಎಷ್ಟೋ ಕಾಣೆ. ತೊಗಟೆಗೆ ಗಾಯ ಮಾಡಿದರೆ ಎಲೆ ಮಾಡಿದ ಸಕ್ಕರೆ ಕೆಳಗಿಳಿಯದೆ ಮೇಲೇ ಉಳಿದು ಹೂವಿಗೆ ದಾರಿಯಾಗುತ್ತದೆ ಅನ್ನೋದೂ ಇದೆ. ಈಗ ನನಗೆ ಹಿಡಿಸುವುದು ಅದಲ್ಲ. ಆ ಏಟಿನ ಗುರುತು ಈಗಲೂ ಇದೆ. ಅದರ ಸುತ್ತ ತೊಗಟೆ ತುಟಿಯ ಹಾಗೆ ಉಬ್ಬಿ ಮುಚ್ಚಿಕೊಂಡಿದೆ. ಕೊಡಲಿ ಏಟನ್ನು ಅದು ತಾಳಿಕೊಂಡಿತು. ನಾನು ಕಟ್ಟಿಸಿದ ಕಟ್ಟೆಯನ್ನು ತಾಳಿಕೊಳ್ಳಲಿಲ್ಲ.

ಅಪ್ಪನೂ ಒಂದು ಸಿಮೆಂಟ್ ಕೆಲಸ ಮಾಡಿದ್ದರು, ಅವರನ್ನು ಪೂರ್ತಿ ಬಿಟ್ಟುಕೊಡುವ ಹಾಗಿಲ್ಲ. ಪಕ್ಕದ ಬೇವಿನ ಪೊಟರೆಗೆ ಇಟ್ಟಿಗೆ ಚೂರು ತುಂಬಿ ಗಾರೆ ಬಳಿದಿದ್ದರು. ಹಲ್ಲಿಗೆ ಸಿಮೆಂಟ್ ತುಂಬಿಸಿದ ಹಾಗೆ. ಆ ಕಾಲಕ್ಕೆ ಅದೇ ಸರಿಯಾದ ಉಪಚಾರ ಅಂತಿದ್ದರು. ಈಗ ಬೇಡ ಅನ್ನುತ್ತಾರೆ. ಗಾಳಿಗೆ ಮರ ಬಾಗುತ್ತದೆ, ಸಿಮೆಂಟು ಬಾಗುವುದಿಲ್ಲ. ಸಂದಿಯಲ್ಲಿ ನೀರು ಕೂತು ಒಳಗೊಳಗೇ ಕೊಳೆಯುತ್ತದೆ. ಅಲೆಕ್ಸ್ ಶೀಗೊ ಅಂತ ಅಮೆರಿಕದ ಒಬ್ಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿದವರು. ನಮ್ಮ ಚರ್ಮದ ಹಾಗೆ ಮರದ ಗಾಯ ಮಾಯುವುದಿಲ್ಲ ಅಂತ ತೋರಿಸಿದರು. ಕೆಟ್ಟ ಭಾಗದ ಸುತ್ತ ಮರ ಗೋಡೆ ಎಬ್ಬಿಸಿ ಅದನ್ನು ಅಲ್ಲೇ ಬಿಟ್ಟು ಮುಂದೆ ಬೆಳೆಯುತ್ತದೆ. ಪೊಟರೆ ಇದ್ದ ಮಾತ್ರಕ್ಕೆ ಮರ ಸತ್ತ ಹಾಗಲ್ಲ. ಮರದ ತಿರುಳು ಹೇಗೂ ಸತ್ತದ್ದೇ, ಜೀವ ಇರುವುದು ತೊಗಟೆಯ ಒಳಮಗ್ಗುಲಿನ ತೆಳು ಪದರದಲ್ಲಿ. ನಮ್ಮ ಬೇವಿನ ಇನ್ನೊಂದು ಪೊಟರೆಯಲ್ಲಿ ಪ್ರತಿ ವರ್ಷ ಗಿಳಿ ಮರಿ ಮಾಡುತ್ತದೆ. ಪುಣ್ಯಕ್ಕೆ ಅದು ಅಪ್ಪನ ಕೈಗೆ ಎಟುಕಿರಲಿಲ್ಲ.

'ಬೋಳಿಸಿ ಬಿಡೋಣ ಸಾರ್'

ಯುಗಾದಿ ಕಳೆದ ಮೇಲೆ ಮರ ಕಡಿಯುವವರನ್ನು ಕರೆಸಿದೆ. ಇಬ್ಬರು ಹುಡುಗರು, ಒಂದು ಯಂತ್ರದ ಗರಗಸ. ಕೆಳಗಿಂದಲೇ ನೋಡಿ 'ಬೋಳಿಸಿ ಬಿಡೋಣ ಸಾರ್, ಹೊಸದಾಗಿ ಚಿಗುರುತ್ತೆ' ಅಂದರು. 9,000 ರೂಪಾಯಿ, ಸೌದೆ ಅವರಿಗೆ. ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ಹುರುಪಿನಲ್ಲಿ ಬೆಂಬಲಿಸಿದರು. ಎಲೆ ಬಿದ್ದು ಅವರ ತಾರಸಿಯ ಪೈಪ್ ಕಟ್ಟುತ್ತದೆ, ಗಾಳಿ ಬಂದರೆ ಭಯ. ಅವರ ಭಯವನ್ನು ಹಗುರ ಮಾಡೋಕೆ ಆಗುವುದಿಲ್ಲ. ಭರಣಿ ಮಳೆ ಗಾಳಿ ಸಮೇತ ಬರುತ್ತದೆ. ಪ್ರತಿ ವರ್ಷ ಎಲ್ಲೋ ಒಂದು ಕಾರಿನ ಮೇಲೆ ಕೊಂಬೆ ಬೀಳುತ್ತದೆ.

ಬೋಳಿಸಿದ ಮರ ಚಿಗುರುತ್ತದೆ, ನಿಜ. ಆದರೆ ಅದು ಉತ್ಸಾಹದ ಚಿಗುರಲ್ಲ, ಗಾಬರಿಯ ಚಿಗುರು. ಅಡುಗೆ ಮನೆಯನ್ನೇ ಕಿತ್ತು ಹಾಕಿದ ಮೇಲೆ ಮರ ಉಳಿದ ಹಿಟ್ಟನ್ನೆಲ್ಲ ಸುರಿದು ಎಲೆ ಮಾಡಿಕೊಳ್ಳುತ್ತದೆ. ಆ ಕೊಂಬೆಗಳು ತೊಗಟೆಯ ಕೆಳಗಿಂದ ಎದ್ದವು, ಮರದ ಒಳಕ್ಕೆ ಹಿಡಿತ ಇರುವುದಿಲ್ಲ. ಕತ್ತರಿಸಿದ ಮೋಟು ಕೊಳೆಯುತ್ತಿರುತ್ತದೆ, ಅದರ ಅಂಚಿನಲ್ಲಿ ನಾಲ್ಕು ವರ್ಷದಲ್ಲಿ ಭಾರೀ ಕೊಂಬೆಗಳು. ಗಾಳಿಗೆ ಮೊದಲು ಮುರಿಯೋದು ಅವೇ. ಭಯ ಅಂತ ಬೋಳಿಸಿ, ನಿಜವಾಗಲೂ ಭಯಪಡಬೇಕಾದ ಮರವನ್ನು ನಾವೇ ಮಾಡಿಕೊಳ್ಳುತ್ತೇವೆ.

ಕಾಯ್ದೆಯ ವಿಷಯವೂ ಇದೆ. ಕರ್ನಾಟಕದಲ್ಲಿ 1976ರಿಂದ ಮರಗಳ ಸಂರಕ್ಷಣೆಗೆ ಕಾಯ್ದೆ ಇದೆ. ತೆಂಗು, ನೀಲಗಿರಿಯಂಥ ಕೆಲವಕ್ಕೆ ವಿನಾಯಿತಿ ಬಿಟ್ಟರೆ, ಸ್ವಂತ ಕಾಂಪೌಂಡಿನ ಮರವಾದರೂ ವೃಕ್ಷಾಧಿಕಾರಿಯನ್ನು ಕೇಳಬೇಕು. ವಿನಾಯಿತಿ ಇಲ್ಲದ ಮರಕ್ಕೆ ಗರಗಸ ತಂದರೆ ಅರ್ಜಿ ಬೇಕು. ಮೂರು ಟ್ರ್ಯಾಕ್ಟರ್ ಮಣ್ಣು ತರುವಾಗ ನನ್ನನ್ನು ಯಾರು ಕೇಳಿದರು? ದೆಹಲಿಯ ರಸ್ತೆ ಬದಿ ಮರಗಳ ಸುತ್ತ ಒಂದು ಮೀಟರ್ ಜಾಗದಲ್ಲಿ ಹಾಕಿದ ಕಾಂಕ್ರೀಟ್ ತೆಗೆಯಿರಿ ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿತ್ತು. ಅದನ್ನು ನಾನು ಓದಿದ್ದು ಬ್ಲಾಕು ಹಾಕಿಸಿ ಆರು ವರ್ಷ ಆದ ಮೇಲೆ.

ಕಾಯಿ ಕೀಳುವ ಯಜಮಾನರು

ಕೊನೆಗೆ ದಾರಿ ತೋರಿಸಿದವರು ಹುಣಸೆ ಮಂಡಿಯ ಪರಿಚಯದಿಂದ ಸಿಕ್ಕ ಒಬ್ಬ ಯಜಮಾನರು. ಚೇಳೂರು ಕಡೆಯವರು. ಬೇಸಿಗೆ ಮುಂಚೆ ಹುಣಸೆ ಬಡಿಯುತ್ತಾರೆ, ಆಮೇಲೆ ಹಲಸಿನ ಮರ ಹತ್ತುತ್ತಾರೆ. 'ಕಾಯಿ ಕೀಳೋನು ನಾನು, ಮರ ಕಡಿಯೋನಲ್ಲ' ಅಂತ ಮೊದಲೇ ಹೇಳಿದರು. ಅರವತ್ತು ದಾಟಿದೆ. ಚಪ್ಪಲಿ ಬಿಟ್ಟು, ಮರಕ್ಕೆ ಕೈ ಮುಗಿದು ಹತ್ತಿದರು. ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳಿ ಅಂತ ನಾನು ಬಲವಂತ ಮಾಡಿದೆ. ಕಟ್ಟಿಕೊಂಡರು, ನನ್ನ ಸಮಾಧಾನಕ್ಕೆ.

ಮೊದಲು ಬದನಿಕೆ. ಕೆಂಪು ಮಿಶ್ರಿತ ಹೂವು, ದಪ್ಪ ಎಲೆ. ಮಾವಿನ ಕೊಂಬೆಯೊಳಗೇ ಬೇರು ನಾಟಿ ನೀರು ಕದಿಯುತ್ತದೆ. ಹೆಬ್ಬೆರಳಿನಷ್ಟು ಪುಟ್ಟ ಹಕ್ಕಿಯೊಂದು ಅದರ ಹಣ್ಣು ತಿಂದು, ಅಂಟಂಟು ಬೀಜವನ್ನು ಕೊಂಬೆಗೆ ಒರೆಸಿ ಹೋಗುತ್ತದೆ. ಆ ಹಕ್ಕಿಗೂ ಬದನಿಕೆ ಹಕ್ಕಿ ಅಂತಲೇ ಹೆಸರು. 'ಬರೀ ಗಿಡ ಕಿತ್ರೆ ಮತ್ತೆ ಬರ್ತದೆ. ಅದು ಕೂತ ಜಾಗದಿಂದ ಒಂದು ಮೊಳ ಕೆಳಗೆ ಕೊಂಬೆನೇ ತೆಗೀಬೇಕು.' ಹಾಗೇ ತೆಗೆದರು. ಬೊಡ್ಡೆಯಲ್ಲಿ ಎರಡು ತೂತು, ಕೆಳಗೆ ಮರದ ಪುಡಿ. ಕಾಂಡ ಕೊರಕ. ಸೈಕಲ್ ಕಡ್ಡಿ ತೂರಿಸಿ ತಿರುವಿದರು. ಬಿಳಿ ಹುಳು, ಬೆರಳುದ್ದ, ಕಡ್ಡಿಗೆ ಚುಚ್ಚಿಕೊಂಡು ಬಂತು. ಅಮ್ಮ ಒಳಗೆ ಹೋದರು. ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿ ತುರುಕಿ, ಜೇಡಿಮಣ್ಣು ಮೆತ್ತಿದರು.

ಒಣಕೊಂಬೆ ಕೊಯ್ಯುವುದನ್ನು ನಾನು ತಾರಸಿ ಮೇಲಿಂದ ಹತ್ತಿರದಲ್ಲೇ ನೋಡಿದೆ. ನೇರ ಬುಡಕ್ಕೆ ಗರಗಸ ಇಡಲಿಲ್ಲ. ಒಂದು ಮೊಳ ಆಚೆ, ಕೆಳಗಿನಿಂದ ಮೇಲಕ್ಕೆ ಕಾಲು ಭಾಗ ಕೊಯ್ದರು. ಅದಕ್ಕಿಂತ ನಾಲ್ಕು ಬೆರಳು ಮುಂದೆ ಮೇಲಿಂದ ಕೊಯ್ದರು. ಕೊಂಬೆ ಸೀಳದೆ, ತೊಗಟೆ ಎಳೆಯದೆ ಟಪ್ ಅಂತ ಕಳಚಿತು. ಉಳಿದ ಮೋಟನ್ನು ಸವರಿ ತೋರಿಸಿದರು. 'ಇಲ್ಲಿ ಮಡಿಕೆ ಐತೆ ನೋಡಿ, ಕೊರಳಪಟ್ಟಿ ಇದ್ದಂಗೆ. ಇದನ್ನ ಮುಟ್ಟಂಗಿಲ್ಲ. ಇದರ ಹೊರಗೆ ಕೊಯ್ದ್ರೆ ಅದೇ ಮುಚ್ಕೊಂತದೆ.' ಶೀಗೊ ಸಾವಿರಾರು ಮರ ಸೀಳಿ ಹೇಳಿದ್ದೂ ಇದನ್ನೇ. ಕೊಯ್ದ ಜಾಗಕ್ಕೆ ಪೇಂಟ್ ಬಳಿಯೋಣವಾ ಅಂದೆ. ಬೇಡ ಅಂದರು. ತುದಿ ಒಣಗುವ ರೋಗ ಇದ್ದ ಎರಡು ಕಡೆಗೆ ಮಾತ್ರ ಬೋರ್ಡೋ ಮುಲಾಮು ಹಚ್ಚಿದೆವು. ಒಂದು ಕೆಜಿ ಮೈಲುತುತ್ತು, ಒಂದು ಕೆಜಿ ಸುಣ್ಣ, ಹತ್ತು ಲೀಟರ್ ನೀರಿನ ಲೆಕ್ಕ. ಕಬ್ಬಿಣದ ಪಾತ್ರೆ ಮಾತ್ರ ಬೇಡ.

ಇಳಿದವರು ಕಟ್ಟೆ ನೋಡಿ ತಲೆ ಅಲ್ಲಾಡಿಸಿದರು. 'ಮರಕ್ಕೆ ಪಾದ ಇರ್ತದೆ ಸಾ. ಇದರ ಪಾದ ಎಲ್ಲಿ?' ಬೊಡ್ಡೆ ನೆಲ ಸೇರುವಲ್ಲಿ ಆನೆಕಾಲಿನ ಹಾಗೆ ಅಗಲವಾಗಬೇಕು. ನಮ್ಮದು ಕರೆಂಟ್ ಕಂಬದ ಹಾಗೆ ನೇರ ನೆಲಕ್ಕೆ ಇಳಿದಿತ್ತು.

ಕಟ್ಟೆ ಒಡೆಸಿದೆವು. ಬ್ಲಾಕು ತೆಗೆದೆವು, ಕೊಂಬೆಯ ನೆರಳು ಬೀಳುವಷ್ಟು ಜಾಗಕ್ಕೆ. ಮಣ್ಣನ್ನು ಮಾತ್ರ ಗುದ್ದಲಿಯಲ್ಲಿ ಅಲ್ಲ, ಕೈಯಲ್ಲಿ, ಗಾರೆ ಕರಣೆಯಲ್ಲಿ, ನಾಲ್ಕು ಭಾನುವಾರ. ಕ್ರಷರ್ ಪುಡಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅದರ ಕೆಳಗಿನ ಮಣ್ಣು ಹುಳಿ ವಾಸನೆ ಹೊಡೆಯುತ್ತಿತ್ತು, ಮುಚ್ಚಿಟ್ಟು ಮರೆತ ಟಿಫನ್ ಡಬ್ಬಿಯ ಹಾಗೆ. ಎಳೆದರೆ ಸಣ್ಣ ಬೇರುಗಳ ಸಿಪ್ಪೆ ಬೆರಳಿಗೇ ಬರುತ್ತಿತ್ತು. ಒಂದು ಅಡಿ ಕೆಳಗೆ ಮರದ ಪಾದ ಸಿಕ್ಕಿತು. ತೊಗಟೆ ಕಪ್ಪಾಗಿ ನೆನೆದಿತ್ತು. ಪಕ್ಕದಲ್ಲಿ ಅಪ್ಪ ಹೂತಿದ್ದ ಕಲ್ಲಿನ ಅಂಚು, 1983ರ ಅಂಗಳ. ನಾನು ಗೋಲಿ ಆಡಿದ ನೆಲ ಅದು. ಮೇಲೆ ಬೊಡ್ಡೆಯಲ್ಲಿ ಅಮ್ಮ ಬಟ್ಟೆ ಒಣಗಿಸೋಕೆ ಕಟ್ಟಿದ್ದ ತಂತಿಯೂ ಸಿಕ್ಕಿತು. ಮರ ಅದನ್ನು ನುಂಗಿ ಎರಡು ಕಡೆ ತುದಿ ಮಾತ್ರ ಹೊರಗೆ ಬಿಟ್ಟಿತ್ತು. ಕೀಳೋಕೆ ಹೋದೆ. 'ಬಿಡಿ, ಅದು ಈಗ ಮರದ್ದು' ಅಂದರು ಯಜಮಾನರು. ತುದಿ ಕತ್ತರಿಸಿ ಬಿಟ್ಟೆವು.

ಬೀಳುವ ಭಯಕ್ಕೆ ಏನು ನೋಡಬೇಕು ಅಂತಲೂ ಕೇಳಿಕೊಂಡೆ, ಪಕ್ಕದ ಮನೆಯವರಿಗೆ ಹೇಳೋಕೆ. ಹುಟ್ಟಿನಿಂದ ವಾಲಿದ ಮರ ಪರವಾಗಿಲ್ಲ. ಹೊಸದಾಗಿ ವಾಲಿದರೆ, ಬುಡದಲ್ಲಿ ಒಂದು ಕಡೆ ನೆಲ ಬಿರಿದು ಎದ್ದರೆ, ಬೊಡ್ಡೆಗೆ ಅಣಬೆ ಬಂದರೆ ತಡ ಮಾಡಬಾರದು. ನಮ್ಮದರಲ್ಲಿ ಇವು ಯಾವುದೂ ಇಲ್ಲ.

ಈಗ ಒಂದು ವರ್ಷ ದಾಟಿದೆ. ಬೇಸಿಗೆಯಲ್ಲಿ ಹದಿನೈದು ಇಪ್ಪತ್ತು ದಿನಕ್ಕೊಮ್ಮೆ ನೆರಳಿನ ಅಂಚಿನಲ್ಲಿ ಪೈಪ್ ಸಣ್ಣಗೆ ಬಿಟ್ಟು ನೀರು ಇಂಗಿಸುತ್ತೇವೆ. ಬುಡಕ್ಕೆ ಅಕ್ಕಿ ತೊಳೆದ ನೀರು ಸುರಿಯೋದನ್ನು ಅಮ್ಮ ಬಿಟ್ಟಿಲ್ಲ, ನಾನೂ ಹೇಳುವುದನ್ನು ಬಿಟ್ಟಿದ್ದೇನೆ. ಎಲೆ ಗುಡಿಸಿ ಹೊರಗೆ ಹಾಕುವ ಕೈ ಅವರದು. ಈಗ ಗುಡಿಸಿ, ಒಂದು ಕ್ಷಣ ಪೊರಕೆ ಹಿಡಿದು ನಿಂತು, ಬೈದುಕೊಂಡು ಮತ್ತೆ ಮರದ ಕಡೆಗೇ ತಳ್ಳುತ್ತಾರೆ. ಬೀದಿ ನೀರು ಒಳಗೆ ಬರದ ಹಾಗೆ ಗೇಟಿಗೆ ಒಂದು ದಿಣ್ಣೆ, ಅದರ ಮುಂದೆ ಕಾಲುವೆ ಮಾಡಿಸಿದೆ. 2019ರಲ್ಲೇ ಅಷ್ಟು ಮಾಡಿಸಿದ್ದರೆ ಖರ್ಚು ಕಾಲು ಭಾಗವೂ ಆಗುತ್ತಿರಲಿಲ್ಲ. ನೆತ್ತಿಯ ಎರಡು ಕೊಂಬೆ ಹೋದವು, ಅವು ಬರುವುದಿಲ್ಲ. ಅದರ ಕೆಳಗೆ ಕೆಂಚು ಚಿಗುರು ಬಂದಿದೆ. ಎಲೆ ಮೊದಲಿನ ಅಳತೆಗೆ ಇನ್ನೂ ಬಂದಿಲ್ಲ. ಈ ಯುಗಾದಿಗೂ ಸೊಪ್ಪು ಕೊಂಡೇ ತಂದೆ. ಬೆಲೆ 30 ಆಗಿದೆ.

ತೆಗೆದ ಬ್ಲಾಕುಗಳನ್ನು ಕಾಂಪೌಂಡಿಗೆ ಒರಗಿಸಿ ಪೇರಿಸಿಟ್ಟಿದ್ದೇನೆ. ಮೊನ್ನೆ ನಾಲ್ಕನೇ ಮನೆಯವರು ವಾಕಿಂಗ್ ಮುಗಿಸಿ ಬರುವಾಗ ಗೇಟಿನ ಹತ್ತಿರ ನಿಂತರು. 'ಸುಮ್ನೆ ಬಿದ್ದಿವೆಯಲ್ಲ ಸಾರ್, ಕೊಡ್ತೀರಾ? ನಮ್ಮ ಹಲಸಿನ ಮರದ ಸುತ್ತ ಹಾಕಿಸ್ಬಿಡ್ತೀನಿ, ನೀಟಾಗಿರುತ್ತೆ.'

ಒಳಗೆ ಬನ್ನಿ, ಮೊದಲು ಒಂದು ಗುಂಡಿ ತೋರಿಸ್ತೀನಿ ಅಂದೆ.